ಗ್ರೇಟ್ ನಿಕೋಬಾರಿಗೆ ಹೋದ ಸಂಸಾರಗಳು

ಬರ ಬಿದ್ದ ವರ್ಷ ಸಂಸಾರ ಸಮೇತ ಊರು ಬಿಡುವುದು ನಮ್ಮ ಬಯಲುಸೀಮೆಗೆ ಹೊಸತಲ್ಲ. ಮಧುಗಿರಿ, ಸಿರಾ, ಪಾವಗಡದ ಕಡೆಯಿಂದ ಬೆಂಗಳೂರಿಗೆ ಗುಳೆ ಹೋದವರು ಮಳೆ ಬಿದ್ದ ಸುದ್ದಿ ತಿಳಿದೊಡನೆ ಹಿಂದಿರುಗುವುದುಂಟು. ರಾಯಚರ್ಲುವಿನಂತಹ ಹಳ್ಳಿಯಲ್ಲಿ ಒಂದು ಮನೆಗೆ ಬೀಗ ಬಿದ್ದರೆ, ಅದು ಮತ್ತೆ ತೆರೆಯುವುದೆಂಬ ನಂಬಿಕೆ ನೆರೆಯವರಿಗೆ ಇರುತ್ತದೆ. ಆದರೆ ಹಿಂದಿರುಗುವ ಯೋಚನೆಯನ್ನೇ ಬಿಟ್ಟು, ಹೆಂಡಿರು ಮಕ್ಕಳೊಡನೆ ಸಮುದ್ರ ದಾಟಿ, ಕಾಡಿನ ನಡುವೆ ಬೇಸಾಯಕ್ಕೆ ನಿಂತವರೂ ನಮ್ಮ ದೇಶದಲ್ಲಿ ಇದ್ದಾರೆ. ಅವರು ಹೋದದ್ದು ಗ್ರೇಟ್ ನಿಕೋಬಾರ್ ಎಂಬ ದ್ವೀಪಕ್ಕೆ.

ಭಾರತದ ದಕ್ಷಿಣದ ಕೊನೆ ಕನ್ಯಾಕುಮಾರಿಯೆಂದು ಅನೇಕರು ಹೇಳುವರು. ಅದು ಮುಖ್ಯಭೂಮಿಯ ಕೊನೆ ಮಾತ್ರ. ದೇಶದ ನಿಜವಾದ ದಕ್ಷಿಣ ತುದಿ ಈ ದ್ವೀಪದ ಇಂದಿರಾ ಪಾಯಿಂಟ್. ಅಲ್ಲಿಂದ ಸಮಭಾಜಕ ವೃತ್ತಕ್ಕೆ ಏಳು ಡಿಗ್ರಿಗಿಂತಲೂ ಕಡಿಮೆ ಅಂತರ. ಇಂಡೋನೇಷ್ಯಾದ ಸುಮಾತ್ರಾ ಸುಮಾರು 150 ಕಿಲೋಮೀಟರ್ ದೂರದಲ್ಲಿದೆ. ಮದರಾಸಿನಿಂದ ಹಡಗಿನಲ್ಲಿ ಹೊರಟವರು ಮೂರು ನಾಲ್ಕು ದಿನಗಳಲ್ಲಿ ಪೋರ್ಟ್ ಬ್ಲೇರ್ ತಲುಪಿ (2024ರಿಂದ ಈ ಊರಿನ ಹೆಸರು ಶ್ರೀ ವಿಜಯಪುರಂ), ಬೇರೊಂದು ಹಡಗು ಹತ್ತಿ ಮತ್ತೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ದಕ್ಷಿಣಕ್ಕೆ ಸಾಗಬೇಕಾಗಿತ್ತು.

ಈ ದ್ವೀಪದ ಸಮೀಪದಲ್ಲಿಯೇ ಮಲಕ್ಕಾ ಜಲಸಂಧಿಗೆ ಹೋಗುವ ಹಡಗುಗಳ ಹೆದ್ದಾರಿ ಹಾದುಹೋಗುತ್ತದೆ. ಇಂತಹ ಗಡಿಯಲ್ಲಿ ಜನವಸತಿ ಇರಬೇಕೆಂದು ಸರ್ಕಾರ ಬಗೆಯಿತು. 1969ರಿಂದ 1980ರವರೆಗೆ ಸೈನ್ಯದಿಂದ ನಿವೃತ್ತರಾದ ಮುನ್ನೂರಕ್ಕೂ ಹೆಚ್ಚು ಮಂದಿಯ ಸಂಸಾರಗಳನ್ನು ಅಲ್ಲಿಗೆ ಕರೆತಂದು ನೆಲೆಗೊಳಿಸಲಾಯಿತು. ಪಂಜಾಬಿನವರು ಹೆಚ್ಚು, ಮಹಾರಾಷ್ಟ್ರದವರೂ ದಕ್ಷಿಣದ ರಾಜ್ಯಗಳವರೂ ಅವರೊಡನೆ ಇದ್ದರು. ಮನೆಗೆ, ಗದ್ದೆಗೆ, ತೋಟಕ್ಕೆ ಜಮೀನು ದೊರೆಯಿತು. ಪೂರ್ವ ಕರಾವಳಿಯುದ್ದಕ್ಕೂ ಕ್ಯಾಂಪ್‌ಬೆಲ್ ಬೇ, ಗೋವಿಂದನಗರ, ವಿಜಯನಗರ, ಲಕ್ಷ್ಮೀನಗರ, ಗಾಂಧಿನಗರ, ಶಾಸ್ತ್ರಿನಗರ ಎಂಬ ಊರುಗಳು ಹುಟ್ಟಿದವು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದೆ ಹಿಂದಿಯೇ ಎಲ್ಲರ ಮಾತಾಯಿತು.

ದ್ವೀಪವು ಬರಿದಾಗಿತ್ತೆಂದು ಮಾತ್ರ ತಿಳಿಯಬಾರದು. ಕಾಡಿನೊಳಗೆ ಬೇಟೆಯಾಡಿ, ಗೆಡ್ಡೆ ಗೆಣಸು ಅಗೆದು ಜೀವಿಸುವ ಶಾಂಪೆನ್ ಜನರೂ, ಕಡಲಂಚಿನಲ್ಲಿ ತೆಂಗು ಬೆಳೆದು, ಹಂದಿ ಸಾಕಿ, ಮೀನು ಹಿಡಿಯುವ ನಿಕೋಬಾರಿಗಳೂ ಬಹು ಹಿಂದಿನಿಂದ ಅಲ್ಲಿದ್ದರು. 1956ರಲ್ಲಿ ಬಂದ ಕಾನೂನೊಂದು ಇಂತಹವರ ನೆಲೆಗಳನ್ನು ರಕ್ಷಿತವೆಂದು ಸಾರಿತ್ತು. ಹೊಸ ಊರುಗಳಿಗಾಗಿ ಅವರ ನೆಲದಿಂದಲೇ ಒಂದು ಪಾಲನ್ನು ಬಿಡಿಸಿಕೊಳ್ಳಬೇಕಾಯಿತು. ಅಧಿಕಾರಿಯ ಕಾಗದದಲ್ಲಿ 'ಖಾಲಿ' ಎಂದು ಬರೆದಿರುವ ಭೂಮಿ ಯಾರದೋ ಬೇಟೆಯ ಹಾದಿಯಾಗಿರಬಹುದು ಎಂಬುದು ವಲಸೆಯ ಚರಿತ್ರೆಗಳಲ್ಲಿ ಬಹಳ ತಡವಾಗಿ ಬರುವ ಮಾತು.

ಇನ್ನು ಬೇಸಾಯದ ವಿಷಯ. ನಮ್ಮ ಸಿರಾ, ಪಾವಗಡದ ರೈತನು ಆಕಾಶ ನೋಡುವುದು ಮಳೆ ಬರಲೆಂದು. ಗ್ರೇಟ್ ನಿಕೋಬಾರಿನ ರೈತನು ನೋಡುವುದು ಮಳೆ ನಿಲ್ಲಲೆಂದು. ಅಲ್ಲಿ ವರ್ಷಕ್ಕೆ 300 ಸೆಂಟಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ನೈಋತ್ಯ, ಈಶಾನ್ಯ ಎರಡು ಮಾರುತಗಳೂ ಸುರಿಸುತ್ತವೆ. ಮುಗಿಲೆತ್ತರದ ಮರಗಳನ್ನು ಕಡಿದು ತೆರವು ಮಾಡಿದ ನೆಲ ಕೈ ತಪ್ಪಿದರೆ ಕೆಲವೇ ತಿಂಗಳಲ್ಲಿ ಪೊದೆಯಾಗುತ್ತದೆ. ಇಂತಹ ಕಾಡಿನ ಮಣ್ಣು ಬಹು ಫಲವತ್ತಾದುದೆಂದು ಹೊಸಬರಿಗೆ ತೋರುವುದು ಸಹಜ. ಆದರೆ ಉಷ್ಣವಲಯದ ಮಳೆಕಾಡಿನಲ್ಲಿ ಸಾರವೆಲ್ಲ ಮರಗಳಲ್ಲಿಯೇ ಸಂಗ್ರಹವಾಗಿರುತ್ತದೆ. ಮರ ಹೋದ ಮೇಲೆ ಮೇಲ್ಮಣ್ಣನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಮಲೇರಿಯಾ ಜ್ವರವೂ ಕಡಲ ದಂಡೆಯ ಕಚ್ಚುವ ನೊಣಗಳೂ ಕಾಡುತ್ತಿದ್ದವು. ಎಳೆಯ ಕಾಯಿಗಳನ್ನು ಕೋತಿಗಳು ಕೆಡವುತ್ತಿದ್ದವು. ಗೋಧಿಯ ಹೊಲ ಉತ್ತು ಬೆಳೆದ ಪಂಜಾಬಿನ ಮನುಷ್ಯನು ಇಲ್ಲಿ ತೆಂಗು ಅಡಕೆಗಳ ಪಾಠವನ್ನು ಮೊದಲಿನಿಂದ ಕಲಿಯಬೇಕಾಯಿತು.

ತೆಂಗನ್ನು ಬಲ್ಲ ತುಮಕೂರು ಜಿಲ್ಲೆಯವರಿಗೂ ಅಲ್ಲಿ ಕಲಿಯುವುದು ಇದ್ದೇ ಇರುತ್ತಿತ್ತು. ತಿಪಟೂರಿನ ಕಡೆ ಬಲಿತ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟು, ಒಳಗಿನ ನೀರು ಇಂಗಿದ ಮೇಲೆ ಒಡೆದು ಉಂಡೆ ಕೊಬ್ಬರಿ ತೆಗೆಯುವರು. ಹವೆಯಲ್ಲಿ ಸದಾ ತೇವವಿರುವ ದ್ವೀಪದಲ್ಲಿ ಕಾಯಿಯನ್ನು ಹೋಳು ಮಾಡಿ ಬೆಂಕಿಯ ಶಾಖದಲ್ಲಿ ಒಣಗಿಸದಿದ್ದರೆ ಬೂಷ್ಟು ಹಿಡಿದು ಹೋಗುತ್ತದೆ.

ಹೀಗೆ ಮೂವತ್ತೈದು ವರ್ಷ ಕಳೆಯಿತು. ಹೋದಾಗ ಕೈಗೂಸುಗಳಾಗಿದ್ದವರು ತೋಟದ ಯಜಮಾನರಾದರು. 2004ರ ಡಿಸೆಂಬರ್ 26ರಂದು ಬೆಳಿಗ್ಗೆ ಆರೂವರೆಯ ಸುಮಾರಿಗೆ ಸುಮಾತ್ರಾದ ಬಳಿ ಕಡಲಡಿಯಲ್ಲಿ ಭೂಕಂಪವಾಯಿತು. ಅದರ ಪ್ರಮಾಣ 9ಕ್ಕೂ ಹೆಚ್ಚು. ಸ್ವಲ್ಪ ಹೊತ್ತಿನಲ್ಲಿಯೇ ಸುನಾಮಿಯ ಅಲೆಗಳು ದ್ವೀಪದ ಮೇಲೆ ಬಿದ್ದವು. ಕಡಲಂಚಿನ ಗಾಂಧಿನಗರ, ಶಾಸ್ತ್ರಿನಗರಗಳು ಹಾಳಾದವು; ರಸ್ತೆ ಕೊಚ್ಚಿಹೋಯಿತು; ಅನೇಕರು ಪ್ರಾಣ ಕಳೆದುಕೊಂಡರು.

ಪ್ರವಾಹ ಇಳಿದ ಮೇಲೆ ಹೊಲಕ್ಕೆ ಮರಳುವುದು ರೈತನ ವಾಡಿಕೆ. ಇಲ್ಲಿ ಅದಕ್ಕೂ ಅವಕಾಶವಿರಲಿಲ್ಲ. ಭೂಮಿಯ ಹೊರಪದರದ ಒಂದು ಫಲಕವು ಇನ್ನೊಂದರ ಕೆಳಗೆ ಜಾರಿದಾಗ ಅಂಡಮಾನಿನ ಉತ್ತರ ಭಾಗ ಮೇಲೆದ್ದಿತು, ನಿಕೋಬಾರ್ ಕುಸಿಯಿತು. ಇಂದಿರಾ ಪಾಯಿಂಟಿನಲ್ಲಿ ನೆಲ ಸುಮಾರು ನಾಲ್ಕು ಮೀಟರಿನಷ್ಟು ತಗ್ಗಿ, 1972ರಲ್ಲಿ ಬೆಳಗಿದ ದೀಪಸ್ತಂಭದ ಬುಡ ನೀರಿನಲ್ಲಿ ನಿಂತಿತು. ಅಲೆ ಹಿಂದೆ ಸರಿದರೂ ಗದ್ದೆ ಹಿಂದಕ್ಕೆ ಬರಲಿಲ್ಲ. ಕೈಯಲ್ಲಿ ಜಮೀನಿನ ಪತ್ರವಿದ್ದರೂ ಜಮೀನು ಸಮುದ್ರದ ತಳದಲ್ಲಿತ್ತು.

ಬದುಕುಳಿದವರು ಕ್ಯಾಂಪ್‌ಬೆಲ್ ಬೇ ಬಳಿ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕಳೆದು, ಅನಂತರ ಸರ್ಕಾರ ಕಟ್ಟಿಸಿದ ಮನೆಗಳಿಗೆ ಹೋದರು. ಕಡಲಂಚಿನ ನಿಕೋಬಾರಿಗಳನ್ನೂ ಅದೇ ಊರಿನ ಸಮೀಪಕ್ಕೆ ತರಲಾಯಿತು. ತಮ್ಮ ಹಿರಿಯರ ನೆಲೆಗಳಿಗೆ ಮರಳಲು ಬಿಡಿರೆಂದು ಅವರು ಬಹುಕಾಲದಿಂದ ಕೇಳುತ್ತಲೇ ಇದ್ದಾರೆ. ನೆಲೆಸಲು ಬಂದವರಲ್ಲಿ ಕೆಲವರಿಗೆ ಮುಖ್ಯಭೂಮಿಯಲ್ಲಿ ಮರಳಿ ಹೋಗಲು ಹೊಲವಿರಲಿಲ್ಲ; ಅಲ್ಲಿಯೇ ಹುಟ್ಟಿದ ಮಕ್ಕಳಿಗಂತೂ ದ್ವೀಪವೇ ಊರು. ಉಪ್ಪು ನೀರು ಏರದ ದಿಣ್ಣೆಗಳಲ್ಲಿ ಮತ್ತೆ ಸಸಿ ನೆಡಬೇಕಾಗಿತ್ತು. ತೆಂಗಿನ ಸಸಿಯೊಂದು ಫಲ ಕೊಡಲು ಆರೇಳು ವರ್ಷ ಬೇಕು.