ಮೇಲೆ ಹೊಸ ಪೇಂಟ್, ಒಳಗೆ ತುಕ್ಕು: ಹಳೇ ಗಾಡಿ ಕೊಳ್ಳೋ ಮುಂಚೆ, ಎಫ್‌ಸಿಗೆ ಹೋಗೋ ಮುಂಚೆ ಇಷ್ಟು ನೋಡ್ಕೊಳ್ಳಿ

ಹೊಸಪೇಟೆ: ಸೆಕೆಂಡ್ ಹ್ಯಾಂಡ್ ಗೂಡ್ಸ್ ಗಾಡಿ ನೋಡೋಕೆ ಹೋದ್ರೆ ಮೊದಲು ಕಿವಿಗೆ ಬೀಳೋ ಮಾತು ‘ಬಾಡಿ ಫಸ್ಟ್‌ಕ್ಲಾಸ್ ಐತ್ರಿ’. ಪೇಂಟ್ ಫಳಫಳ ಹೊಳೀತಿರುತ್ತೆ. ದುಡ್ಡು ಕೊಟ್ಟು ತಂದು ಕೆಲವು ತಿಂಗಳಾದ ಮೇಲೆ ಬ್ರೇಕ್ ಕೆಲಸಕ್ಕೆ ಅಂತ ಗ್ಯಾರೇಜಿಗೆ ಬಿಟ್ಟಾಗ ಮ್ಯಾಟ್ ಎತ್ತಿದ್ರೆ ಕೆಳಗೆ ರಸ್ತೆ ಕಾಣುತ್ತೆ. ಸಣ್ಣ ಕೆಲಸಕ್ಕೆ ಹೋದ ಗಾಡಿ ವಾರಗಟ್ಟಲೆ ಟಿಂಕರಿಂಗ್ ಶೆಡ್‌ನಲ್ಲಿ ನಿಲ್ಲುತ್ತೆ. ರಿಪೇರಿ ಖರ್ಚಿನ ಜೊತೆಗೆ ವ್ಯಾಪಾರ ನಿಂತ ನಷ್ಟ ಬೇರೆ.

ಹಳೇ ಕಬ್ಬಿಣವನ್ನು ಹೊರಗಿನಿಂದ ನೋಡಿ ನಂಬಬಾರದು ಅನ್ನೋದು ಈ ಭಾಗದ ಜನಕ್ಕೆ ಹೊಸದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಗಿತ್ತು. ಗಾಡಿ ಅದರ ಮುಂದೆ ಸಣ್ಣದು, ಆದರೆ ಲೆಕ್ಕ ಅದೇ: ಭಾರ ಹೊರುವ ಭಾಗವನ್ನು ಕೈಮುಟ್ಟಿ ಪರೀಕ್ಷೆ ಮಾಡಲೇಬೇಕು.

ನಮ್ಮ ಕಡೆ ತುಕ್ಕು ಯಾಕೆ ಕಾಣಲ್ಲ?

ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ತುಕ್ಕು ಹಿಡಿಯುತ್ತದೆ. ತೇವ ಹೆಚ್ಚು ಹೊತ್ತು ನಿಂತಷ್ಟೂ ಜೋರು. ಸಂಡೂರು ಕಡೆ ಓಡಾಡುವ ಗಾಡಿಗಳ ತಳಕ್ಕೆ ಅದಿರಿನ ಕೆಂಧೂಳು ಮೆತ್ತಿಕೊಳ್ಳುತ್ತೆ. ಮಳೆಗಾಲದಲ್ಲಿ ಅದು ಒದ್ದೆ ಬಟ್ಟೆ ಸುತ್ತಿದ ಹಾಗೆ ದಿನಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತೆ. ಇನ್ನೊಂದು ತೊಂದರೆ ಬಣ್ಣದ್ದು. ಅದಿರೂ ಕಬ್ಬಿಣದ ಆಕ್ಸೈಡ್, ತುಕ್ಕೂ ಕಬ್ಬಿಣದ ಆಕ್ಸೈಡ್, ಎರಡೂ ಕೆಂಪು. ಬಗ್ಗಿ ನೋಡಿ ‘ಧೂಳು ಬಿಡು’ ಅಂದಿದ್ದು ತುಕ್ಕೇ ಆಗಿರಬಹುದು.

ಕಂಪ್ಲಿ ಕಡೆ ಗದ್ದೆಯ ಕೆಸರು, ಜೊತೆಗೆ ಗೊಬ್ಬರ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇರುತ್ತೆ, ಅದು ಅಡುಗೆ ಉಪ್ಪಿನ ಹಾಗೇ ಕಬ್ಬಿಣ ತಿನ್ನುತ್ತೆ. ಗೊಬ್ಬರ, ಉಪ್ಪಿನ ಚೀಲ, ಐಸ್ ಹಾಕಿದ ಮೀನು ಸಾಗಿಸುವ ಗಾಡಿಗಳ ತೊಟ್ಟಿ ಬೇಗ ಹಾಳಾಗೋದು ಇದಕ್ಕೇ. ಹಂಪಿಯಲ್ಲಿ ಪ್ರವಾಸಿಗರನ್ನು ಸುತ್ತಿಸುವ ಆಟೋಗಳನ್ನು ಚೆನ್ನಾಗಿ ತೊಳೆದರೂ ರಬ್ಬರ್ ಮ್ಯಾಟ್ ಎತ್ತದಿದ್ದರೆ ಕೆಳಗಿನ ನೀರು ಅಲ್ಲೇ ಉಳಿಯುತ್ತೆ.

ಎಲ್ಲಿ ನೋಡಬೇಕು?

ಮೊದಲು ತಳಕ್ಕೆ ವಾಟರ್ ವಾಶ್ ಮಾಡಿಸಿ, ಪೂರ್ತಿ ಒಣಗಿಸಿ. ಧೂಳು ಹೋದ ಮೇಲೂ ಉಳಿದ ಕೆಂಪು ತುಕ್ಕಿನದು. ಆಮೇಲೆ ಈ ಜಾಗಗಳನ್ನು ನೋಡಿ:

• ಮ್ಯಾಟ್ ಎತ್ತಿ ಅದರ ಕೆಳಗಿನ ತಗಡು, ಮುಖ್ಯವಾಗಿ ಡ್ರೈವರ್ ಕಾಲಿಡುವ ಜಾಗ.
• ಬಾಗಿಲ ಕೆಳಗಿನ ಅಂಚು. ನೀರು ಹೋಗೋ ಸಣ್ಣ ತೂತು ಮಣ್ಣಿಂದ ಮುಚ್ಚಿದ್ದರೆ ಒಳಗೆ ನೀರು ನಿಂತಿದೆ ಅಂತಲೇ ಲೆಕ್ಕ.
• ಬ್ಯಾಟರಿ ಕೂರುವ ತಟ್ಟೆ. ಆಸಿಡ್ ಸೋರಿ ಸುತ್ತಲಿನ ತಗಡನ್ನೂ ತಿಂದಿರುತ್ತೆ.
• ಚಾಸಿ, ಸಸ್ಪೆನ್ಷನ್ ಕೂರುವ ಬ್ರಾಕೆಟ್, ತಳದಲ್ಲಿ ಹಾದುಹೋದ ಬ್ರೇಕ್ ಪೈಪ್. ಜೀವಕ್ಕೆ ಅಪಾಯ ಇರೋದು ಇಲ್ಲೇ.

ಸ್ಕ್ರೂಡ್ರೈವರ್ ಹಿಡಿಯಿಂದ ತಗಡನ್ನು ತಟ್ಟಿ. ಗಟ್ಟಿ ಕಬ್ಬಿಣ ‘ಟಣ್’ ಅನ್ನುತ್ತೆ, ತಿಂದುಹೋದದ್ದು ಮಂದವಾಗಿ ಸದ್ದು ಮಾಡುತ್ತೆ. ಒಂದು ಸಣ್ಣ ಆಯಸ್ಕಾಂತ ಜೇಬಲ್ಲಿರಲಿ. ಪೇಂಟಿನ ಕೆಳಗೆ ದಪ್ಪ ಪುಟ್ಟಿ ಮೆತ್ತಿದ ಜಾಗದಲ್ಲಿ ಅದು ಹಿಡಿಯಲ್ಲ. ಪೇಂಟಿನಲ್ಲಿ ಗುಳ್ಳೆ ಎದ್ದಿದ್ದರೆ ಬಿಡಬೇಡಿ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತೆ, ಅದಕ್ಕೇ ಪೇಂಟನ್ನು ಮೇಲೆತ್ತುತ್ತೆ. ಹೊರಗೆ ಕಡಲೆಕಾಳಷ್ಟು ಕಂಡಿದ್ದು ಒಳಗೆ ರೊಟ್ಟಿಯಷ್ಟು ಹರಡಿರಬಹುದು.

ರಿಪೇರಿ ಹೇಗೆ?

ಮೇಲ್ಮೈ ತುಕ್ಕಾದರೆ ವೈರ್ ಬ್ರಷ್ ಅಥವಾ ಗ್ರೈಂಡರ್‌ನಿಂದ ಬಿಳಿ ಕಬ್ಬಿಣ ಕಾಣುವ ತನಕ ಉಜ್ಜಿ, ಪ್ರೈಮರ್ ಹೊಡೆದು, ಪೇಂಟ್ ಮಾಡಿದರೆ ಸಾಕು. ಸಡಿಲ ತುಕ್ಕಿನ ಮೇಲೆ ರೆಡ್ ಆಕ್ಸೈಡ್ ಬಳಿದರೆ ಪ್ರಯೋಜನ ಇಲ್ಲ, ಪದರದ ಜೊತೆ ಅದೂ ಉದುರುತ್ತೆ.

ತೂತು ಬಿದ್ದಿದ್ದರೆ ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿಸಬೇಕು. ಪುಟ್ಟಿ ತೂತು ಮುಚ್ಚುತ್ತೆ, ಭಾರ ಹೊರಲ್ಲ. ಅಂಡರ್ ಕೋಟಿಂಗ್ ಕೊನೇ ಕೆಲಸ. ಮಣ್ಣು, ತೇವದ ಮೇಲೆ ಹೊಡೆಸಿದರೆ ತುಕ್ಕನ್ನು ಒಳಗೆ ಕೂಡಿಹಾಕಿದ ಹಾಗಾಗುತ್ತೆ. ಬ್ರೇಕ್ ಪೈಪ್ ತಿಂದಿದ್ದರೆ ತೇಪೆ ಬೇಡ, ಬದಲಾಯಿಸಿ. ಚಾಸಿಯೇ ಪದರ ಪದರವಾಗಿ ಕಿತ್ತು ಬರುತ್ತಿದ್ದರೆ ಆ ಗಾಡಿ ಕೊಳ್ಳಬೇಡಿ. ನಿಮ್ಮದೇ ಆದರೆ ಅನುಭವಿ ಮಿಸ್ತ್ರಿಗೆ ತೋರಿಸೋ ತನಕ ಲೋಡ್ ಹಾಕಬೇಡಿ.

ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಿಸಿ. ಪೆಟ್ರೋಲ್ ಟ್ಯಾಂಕ್, ಗ್ಯಾಸ್ ಸಿಲಿಂಡರ್ ಹತ್ತಿರದ ಕೆಲಸವಾದರೆ ಅದನ್ನೂ ಬಿಚ್ಚಿ ದೂರ ಇಡಿಸಿ. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ಯಾರೂ ಮಲಗಬಾರದು, ಸ್ಟ್ಯಾಂಡ್ ಕೊಡಲೇಬೇಕು.

ರೇಟಿನ ಜಗಳ ತಪ್ಪಿಸಿ

ಒಳತುಕ್ಕು ಎಷ್ಟಿದೆ ಅನ್ನೋದು ಬಿಚ್ಚದೆ ಮಿಸ್ತ್ರಿಗೂ ಗೊತ್ತಾಗಲ್ಲ. ಮೊದಲೇ ಪೂರ್ತಿ ರೇಟ್ ಮಾತಾಡಿದರೆ ಆಮೇಲೆ ಜಗಳ, ಇಲ್ಲಾ ಪುಟ್ಟಿ ಕೆಲಸ. ಬಿಚ್ಚುವ ಕೂಲಿ ಬೇರೆ, ರಿಪೇರಿ ಬೇರೆ ಅಂತ ಮಾತಾಡ್ಕೊಳ್ಳಿ. ಬಿಚ್ಚಿದ ಮೇಲೆ ಫೋನ್ ಮಾಡಲಿ, ನೀವು ಕಣ್ಣಾರೆ ನೋಡಿ ಫೋಟೋ ತಗೊಂಡು ಆಮೇಲೆ ರೇಟ್ ಕುದುರಿಸಿ. ಪೇಂಟ್ ಹೊಡೆಯೋ ಮುಂಚೆ ವೆಲ್ಡಿಂಗ್ ನೋಡೋಕೆ ಇನ್ನೊಂದು ಸಲ ಹೋಗಿ.

ಸಾರಿಗೆ ವಾಹನಕ್ಕೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಸ್ವಂತ ಬಳಕೆಯ ಕಾರು, ಬೈಕ್‌ಗೆ 15 ವರ್ಷವಾದಾಗ ಆರ್‌ಸಿ ನವೀಕರಣ, ಆಮೇಲೆ 5 ವರ್ಷಕ್ಕೊಮ್ಮೆ. ಅವಧಿ ಮುಗಿಯೋಕೆ ಒಂದು ತಿಂಗಳಿರುವಾಗಲೇ ಮ್ಯಾಟ್ ಎತ್ತಿ ನೋಡಿದರೆ ಕೆಲಸಕ್ಕೆ ಟೈಮ್ ಸಿಗುತ್ತೆ. ಹಿಂದಿನ ದಿನ ನೋಡಿದರೆ ಪುಟ್ಟಿ, ಪೇಂಟ್‌ಗೆ ಮಾತ್ರ ಟೈಮ್ ಇರೋದು.