ತತ್ತ್ವಶಾಸ್ತ್ರದಲ್ಲಿ ಸಂಶೋಧನ ಪದವಿ

ರಸಾಯನಶಾಸ್ತ್ರದ ಸಂಶೋಧಕನಿಗೆ ಪ್ರಯೋಗಶಾಲೆಯುಂಟು. ಇತಿಹಾಸದ ಸಂಶೋಧಕನಿಗೆ ಶಾಸನ, ಕಡತಗಳುಂಟು. ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಗೆ ಉದ್ಯುಕ್ತನಾದವನಿಗೆ ಗ್ರಂಥಗಳನ್ನು ಬಿಟ್ಟರೆ ಇರುವುದು ಒಂದು ಪ್ರಶ್ನೆ ಮಾತ್ರ. ಆ ಪ್ರಶ್ನೆ ಅಪಕ್ವವಾಗಿದ್ದರೆ ನಾಲ್ಕುನೂರು ಪುಟ ತುಂಬಿದರೂ ಅದು ಮತಗಳ ಸಂಗ್ರಹವಾಗುವುದೇ ಹೊರತು ಸಂಶೋಧನೆಯಾಗದು.

ಎಂ.ಎ. ಮುಗಿಸಿದ ವಿದ್ಯಾರ್ಥಿ ಅನೇಕ ವೇಳೆ ‘ಭಾರತೀಯ ದರ್ಶನಗಳಲ್ಲಿ ಜ್ಞಾನಮೀಮಾಂಸೆ’ ಎಂಬಂಥ ವಿಷಯವನ್ನು ಹಿಡಿದು ಬರುತ್ತಾನೆ. ಇದು ವಿಷಯವಲ್ಲ, ಒಂದು ಗ್ರಂಥಾಲಯ. ಇದನ್ನು ಕಿರಿದುಗೊಳಿಸುವ ಬಗೆ ಹೇಗೆ? ಜ್ಞಾನದ ಪ್ರಾಮಾಣ್ಯ ತನ್ನಿಂದಲೇ ಸಿದ್ಧಿಸುವುದೋ ಅನ್ಯದಿಂದಲೋ ಎಂಬ ವಾದದಲ್ಲಿ ಮೀಮಾಂಸಕರು ಸ್ವತಃಪ್ರಾಮಾಣ್ಯವನ್ನೂ ನೈಯಾಯಿಕರು ಪರತಃಪ್ರಾಮಾಣ್ಯವನ್ನೂ ಹಿಡಿದವರು. ಇದೂ ವಿಸ್ತಾರವೇ. ಒಂದು ಜ್ಞಾನವನ್ನು ಸಮರ್ಥಿಸಲು ಮತ್ತೊಂದು ಬೇಕಾದರೆ, ಅದಕ್ಕೆ ಮಗುದೊಂದು ಬೇಕಾಗಿ ಅನವಸ್ಥೆಯೊದಗುವುದೆಂಬುದು ಕುಮಾರಿಲ ಭಟ್ಟನ ಆಕ್ಷೇಪ. ನೀರೆಂದು ತಿಳಿದು ಹೋದವನ ಬಾಯಾರಿಕೆ ತೀರಿದರೆ ಆ ಪ್ರವೃತ್ತಿಯ ಸಾಫಲ್ಯವೇ ಜ್ಞಾನಕ್ಕೆ ಸಾಕ್ಷಿ ಎಂಬುದು ನೈಯಾಯಿಕರ ಉತ್ತರ. ಈ ಉತ್ತರ ಅನವಸ್ಥೆಯನ್ನು ನಿಜವಾಗಿ ತಡೆಯುತ್ತದೆಯೇ? ಬಾಯಾರಿಕೆ ತೀರಿತೆಂಬುದೂ ಒಂದು ಜ್ಞಾನವೇ ಅಲ್ಲವೇ? ಕನಸಿನಲ್ಲಿ ನೀರು ಕುಡಿದವನಿಗೂ ತೃಪ್ತಿಯುಂಟಲ್ಲವೇ? ಇಲ್ಲಿಗೆ ಬಂದು ನಿಂತಾಗ ಪ್ರಶ್ನೆ ಸಂಶೋಧನೆಗೆ ತಕ್ಕಷ್ಟು ಚಿಕ್ಕದಾಯಿತು. ಮುಂದೆ ಜಗದ್ವಿಖ್ಯಾತನಾದ ಕಾರ್ಲ್ ಮಾರ್ಕ್ಸ್ 1841ರಲ್ಲಿ ಜೆನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದದ್ದೂ ಡೆಮಾಕ್ರಿಟಸ್, ಎಪಿಕ್ಯೂರಸ್ ಎಂಬ ಇಬ್ಬರು ಗ್ರೀಕರ ಪ್ರಕೃತಿತತ್ತ್ವಗಳಿಗಿರುವ ಭೇದವನ್ನು ಕುರಿತ ಪ್ರಬಂಧಕ್ಕೆ.

ಪ್ರಶ್ನೆ ದೊರೆತ ಮೇಲೆ ಪೂರ್ವಪಕ್ಷ. ವಿಜಯನಗರ ಕಾಲದ ಮಾಧವಾಚಾರ್ಯರದೆಂದು ಪ್ರಸಿದ್ಧವಾದ ‘ಸರ್ವದರ್ಶನಸಂಗ್ರಹ’ ಆರಂಭವಾಗುವುದೇ ಚಾರ್ವಾಕ ದರ್ಶನದಿಂದ. ತಾನು ಒಪ್ಪದ ಮತವನ್ನು ಅದರ ಅನುಯಾಯಿಯೇ ಮೆಚ್ಚುವಂತೆ ನಿರೂಪಿಸಬಲ್ಲವನಿಗೆ ಮಾತ್ರ ಖಂಡನೆಯ ಅಧಿಕಾರವುಂಟು. ಸ್ವಮತಾಭಿಮಾನ ಬಲವಾಗಿರುವವರಿಗೆ ಇದು ಕಷ್ಟದ ಪಾಠ. ಮೂಲಭಾಷೆಯನ್ನು ಬಲ್ಲದೆ ಕೇವಲ ಅನುವಾದಗಳ ಬಲದಿಂದ ಈ ಕಾರ್ಯಕ್ಕೆ ಕೈಯಿಕ್ಕುವುದಂತೂ ಸಾಹಸವೇ ಸರಿ.

ಇವೆಲ್ಲಕ್ಕೂ ಕಾಲ ಬೇಕು. ಹಿಂದೆ ಎಂ.ಫಿಲ್. ಇಂಥ ಅಭ್ಯಾಸದ ಭೂಮಿಯಾಗಿತ್ತು. ಪ್ರಶ್ನೆಯನ್ನು ತಪ್ಪಾಗಿ ಆರಿಸಿಕೊಂಡವನು ಅಲ್ಲಿಯೇ ತಿದ್ದಿಕೊಳ್ಳಬಹುದಾಗಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ 2022ರ ನಿಯಮಾವಳಿಯಲ್ಲಿ ಅದನ್ನು ಕೈಬಿಟ್ಟಿತು. ಕಾಲವ್ಯಯ ತಪ್ಪಿತೆಂದು ಸಂತೋಷಪಟ್ಟವರುಂಟು. ಆದರೆ ತತ್ತ್ವಶಾಸ್ತ್ರದ ಮಟ್ಟಿಗೆ ಅದು ನಷ್ಟವೆಂದೇ ಹೇಳಬೇಕು. ಕನಿಷ್ಠ 12 ಕ್ರೆಡಿಟ್‌ಗಳ ಪಠ್ಯಕ್ರಮ ಆ ಸ್ಥಾನವನ್ನು ತುಂಬಲಾರದು. ಸ್ನಾತಕೋತ್ತರದಲ್ಲಿ ಶೇಕಡಾ 55 ಅಂಕ (ಮೀಸಲು ವರ್ಗಗಳಿಗೆ ಶೇಕಡಾ 5ರ ರಿಯಾಯಿತಿ), ನೆಟ್ ಅಥವಾ ಪ್ರವೇಶ ಪರೀಕ್ಷೆ, ಸಂದರ್ಶನ ಇವುಗಳನ್ನು ದಾಟಿದವನಿಗೆ ಕನಿಷ್ಠ 3, ಸಾಮಾನ್ಯವಾಗಿ ಗರಿಷ್ಠ 6 ವರ್ಷಗಳ ಅವಧಿ. ಕಿರಿಯ ಸಂಶೋಧನ ವೇತನ ದೊರೆತವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಯಿತು. ದೊರೆಯದವರು ಹಗಲು ಪಾಠ ಹೇಳಿ ರಾತ್ರಿ ಓದಬೇಕು. ಆರು ವರ್ಷಗಳಲ್ಲಿ ಮೊದಲ ಎರಡನ್ನು ಪ್ರಶ್ನೆಯ ಹುಡುಕಾಟದಲ್ಲಿಯೇ ಕಳೆದವನ ಪಾಡು ಊಹಿಸಬಹುದಾದದ್ದು. ವಿಷಯ ನಿಶ್ಚಯಕ್ಕೆ ಮುನ್ನ ‘ಶೋಧಗಂಗಾ’ ಭಂಡಾರದಲ್ಲಿರುವ ಪ್ರಬಂಧಗಳನ್ನು ನೋಡಿದರೆ ಆಗಿಹೋದ ಕೆಲಸವನ್ನೇ ಮತ್ತೆ ಮಾಡುವ ಶ್ರಮ ತಪ್ಪುತ್ತದೆ.

1929ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ, ಅದಕ್ಕೆ ಮೊದಲೇ ಅಚ್ಚಾಗಿದ್ದ ನೂರು ಪುಟಗಳಿಗೂ ಕಡಿಮೆಯ ‘ಟ್ರ್ಯಾಕ್ಟೇಟಸ್’ ಕೃತಿಯನ್ನೇ ಪ್ರಬಂಧವೆಂದು ಸ್ವೀಕರಿಸಿ ವಿಟ್‌ಗೆನ್‌ಸ್ಟೈನನಿಗೆ ಪದವಿ ನೀಡಿತು. ಪರೀಕ್ಷಕರು ರಸೆಲ್ ಮತ್ತು ಮೂರ್. ಅದು ಅಪವಾದ. ನಮ್ಮಲ್ಲಿ ಮಾರ್ಗದರ್ಶಕರಲ್ಲದೆ ಹೊರಗಿನ ಇಬ್ಬರು ಪರೀಕ್ಷಕರಾದರೂ ಪ್ರಬಂಧವನ್ನು ಓದುತ್ತಾರೆ. ಬಳಿಕ ಬಹಿರಂಗ ಮೌಖಿಕ ಪರೀಕ್ಷೆ. ಪ್ರಬಂಧದ ಪ್ರಶ್ನೆ ಯಾವುದು, ಅದನ್ನು ಒಂದು ವಾಕ್ಯದಲ್ಲಿ ಹೇಳಿ ಎಂದು ಅಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.