ಹೃದಯದೊಳಗೆ ಇಳಿಯುವ ಪಂಪು: ದೇಹದ ಅಳತೆಗೆ ಯಂತ್ರವನ್ನು ಒಗ್ಗಿಸುವುದು ಹೇಗೆ?

ಸಂತೆಕಲ್ಲೂರು: ಮಸ್ಕಿ ತಾಲ್ಲೂಕಿನ ಈ ಊರಿನಿಂದ ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಯನ್ನು ತಲುಪಲು 150 ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸಬೇಕು. ನಡುರಾತ್ರಿ ಹೃದಯಾಘಾತವಾದರೆ ಈ ಹಾದಿಯಲ್ಲಿ ಕಳೆಯುವ ಪ್ರತಿ ನಿಮಿಷವೂ ಹೃದಯದ ಸ್ನಾಯುವಿಗೆ ನಷ್ಟವೇ ಸರಿ. ವಿಳಂಬವಾಗಿ ಬಂದ ಕೆಲವು ರೋಗಿಗಳಲ್ಲಿ ವೈದ್ಯರು ಮುಚ್ಚಿದ ರಕ್ತನಾಳವನ್ನು ತೆರೆದರೂ ಹೃದಯಕ್ಕೆ ರಕ್ತವನ್ನು ತಳ್ಳುವ ಶಕ್ತಿ ಉಳಿದಿರುವುದಿಲ್ಲ. ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡಗಳು ಸೋಲುತ್ತವೆ. ವೈದ್ಯರು ಇದನ್ನು 'ಕಾರ್ಡಿಯೋಜೆನಿಕ್ ಶಾಕ್' ಎನ್ನುತ್ತಾರೆ.

ಇಂತಹ ರೋಗಿಯ ಹೃದಯಕ್ಕೆ ಕೆಲವು ದಿನ ಹೆಗಲು ಕೊಡಲೆಂದೇ ರೂಪುಗೊಂಡಿದ್ದು ಕ್ಯಾತಿಟರ್ ಪಂಪು. ಎದೆಯನ್ನು ಸೀಳದೆ, ತೊಡೆಸಂದಿನ ಅಪಧಮನಿಯ ಮೂಲಕ ತೆಳುವಾದ ನಳಿಕೆಯನ್ನು ಹೃದಯದವರೆಗೆ ಸಾಗಿಸಿ, ಅದರ ತುದಿಯಲ್ಲಿರುವ ಪುಟ್ಟ ಯಂತ್ರದಿಂದ ರಕ್ತವನ್ನು ಎತ್ತಿ ಹರಿಸಲಾಗುತ್ತದೆ.

ನೀರೆತ್ತುವ ತಿರುಪಿನಿಂದ ಹುಟ್ಟಿದ ಕಲ್ಪನೆ

ತುಂಗಭದ್ರಾ ಎಡದಂಡೆ ಕಾಲುವೆಯಿಂದ ಪಂಪ್‌ಸೆಟ್ ಇಟ್ಟು ನೀರೆತ್ತುವುದು ಸಿಂಧನೂರು ಭಾಗದ ರೈತರಿಗೆ ನಿತ್ಯದ ಕೆಲಸ. ಹೃದಯದ ಈ ಪಂಪಿನ ಮೂಲವೂ ನೀರಾವರಿಯೇ ಎಂಬುದು ಕುತೂಹಲಕರ. ಅಮೆರಿಕದ ವೈದ್ಯ ರಿಚರ್ಡ್ ವ್ಯಾಂಪ್ಲರ್ 1970ರ ದಶಕದಲ್ಲಿ ಈಜಿಪ್ಟಿನ ಹಳ್ಳಿಯೊಂದಕ್ಕೆ ಹೋಗಿದ್ದಾಗ, ಅಲ್ಲಿ ಆರ್ಕಿಮಿಡೀಸ್ ತಿರುಪಿನಿಂದ ನೀರೆತ್ತುವುದನ್ನು ಕಂಡರು. ರಕ್ತವನ್ನೂ ಹೀಗೇ ಎತ್ತಬಹುದಲ್ಲವೇ ಎಂಬ ಆಲೋಚನೆಯೇ 'ಹೀಮೋಪಂಪ್'ಗೆ ದಾರಿಯಾಯಿತು. 1988ರಲ್ಲಿ ಹ್ಯೂಸ್ಟನ್‌ನಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಬಳಸಲಾಯಿತು.

ಹೀಮೋಪಂಪ್‌ನ ಮೋಟಾರು ದೇಹದ ಹೊರಗಿತ್ತು. ಬಾಗುವ ಉದ್ದನೆಯ ತಂತಿಯೊಂದು ಒಳಗಿನ ತಿರುಪನ್ನು ತಿರುಗಿಸುತ್ತಿತ್ತು. ಜರ್ಮನಿಯ ಆಕೆನ್ ನಗರದಲ್ಲಿ ಬೆಳೆದ 'ಇಂಪೆಲ್ಲಾ' ಪಂಪಿನಲ್ಲಿ ಮೋಟಾರನ್ನೇ ಕಿರಿದುಗೊಳಿಸಿ ನಳಿಕೆಯ ತುದಿಯಲ್ಲಿ ಕೂರಿಸಲಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ (ಎಫ್‌ಡಿಎ) 2008ರಲ್ಲಿ ಇದರ ಒಂದು ಮಾದರಿಗೆ ಅನುಮತಿ ನೀಡಿತು.

ಮಿಲಿಮೀಟರುಗಳ ಲೆಕ್ಕ

ವಿನ್ಯಾಸಕಾರರ ಮೊದಲ ತೊಡಕು ಪ್ರವೇಶದ್ವಾರದ್ದು. ಕ್ಯಾತಿಟರಿನ ದಪ್ಪವನ್ನು 'ಫ್ರೆಂಚ್' ಎಂಬ ಮಾನದಲ್ಲಿ ಅಳೆಯುತ್ತಾರೆ. ಮೂರು ಫ್ರೆಂಚ್ ಎಂದರೆ ಒಂದು ಮಿ.ಮೀ. ಹೆಚ್ಚು ಬಳಕೆಯಲ್ಲಿರುವ ಇಂಪೆಲ್ಲಾ ಸಿಪಿ ಪಂಪಿನ ದಪ್ಪ 14 ಫ್ರೆಂಚ್, ಅಂದರೆ ಸುಮಾರು 4.7 ಮಿ.ಮೀ. ತೊಡೆಸಂದಿನ ಅಪಧಮನಿ ಅಗಲವಾಗಿದ್ದರೆ ಪಂಪಿನ ಪಕ್ಕದಿಂದ ಕಾಲಿಗೆ ರಕ್ತ ಹರಿಯುತ್ತದೆ. ಆದರೆ ಮಹಿಳೆಯರಲ್ಲಿ, ಸಣ್ಣ ಮೈಕಟ್ಟಿನವರಲ್ಲಿ ಈ ನಾಳ ಕಿರಿದು. ಮಧುಮೇಹಿಗಳಲ್ಲಿ ಸುಣ್ಣಕಟ್ಟಿ ಮತ್ತಷ್ಟು ಇಕ್ಕಟ್ಟಾಗಿರುವುದೂ ಉಂಟು. ಹೃದಯವನ್ನು ಉಳಿಸಲು ಹೋಗಿ ಕಾಲನ್ನು ಕಳೆದುಕೊಳ್ಳುವ ಅಪಾಯ ಇಲ್ಲಿದೆ.

ಹಾಗಾದರೆ ಪಂಪನ್ನು ಇನ್ನೂ ತೆಳ್ಳಗೆ ಮಾಡಬಾರದೇಕೆ? ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹರಿಸುತ್ತದೆ. ಪಂಪು ತೆಳುವಾದಷ್ಟೂ ಅಷ್ಟೇ ರಕ್ತವನ್ನು ತಳ್ಳಲು ವೇಗವಾಗಿ ತಿರುಗಬೇಕು. ಈಗಲೇ ಅದು ನಿಮಿಷಕ್ಕೆ 40 ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ವೇಗ ಮಿತಿಮೀರಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಈ ಇಕ್ಕಟ್ಟಿನಿಂದ ಪಾರಾಗಲು, ಮಡಚಿದ ಸ್ಥಿತಿಯಲ್ಲಿ 9 ಫ್ರೆಂಚ್ ದಪ್ಪದಲ್ಲಿ ಒಳಹೋಗಿ ಹೃದಯದಲ್ಲಿ ಅರಳುವ ಪಂಪುಗಳನ್ನು ರೂಪಿಸಲಾಗಿದೆ.

ಎರಡನೆಯ ತೊಡಕು ತಿರುವಿನದು. ಮಹಾಪಧಮನಿಯ ಕಮಾನನ್ನು ಬಳಸಿ, ಕವಾಟವನ್ನು ದಾಟಿ ಪಂಪು ಎಡ ಹೃತ್ಕುಕ್ಷಿಗೆ ಇಳಿಯಬೇಕು. ಅದಕ್ಕಾಗಿಯೇ ನಳಿಕೆಗೆ ಮೊದಲೇ ಬಾಗು ಕೊಟ್ಟಿರುತ್ತಾರೆ. ತುದಿಯನ್ನು ಹಂದಿಯ ಬಾಲದಂತೆ ಸುರುಳಿ ಮಾಡಿ, ಅದು ಹೃದಯದ ಗೋಡೆಗೆ ಚುಚ್ಚದಂತೆ ನೋಡಿಕೊಳ್ಳಲಾಗುತ್ತದೆ. ರಕ್ತ ಹೀರುವ ಬಾಯಿ ಕವಾಟದಿಂದ ಸುಮಾರು 3.5 ಸೆಂ.ಮೀ. ಕೆಳಗಿರಬೇಕು. ಹೆಚ್ಚು ಆಳಕ್ಕೆ ಹೋದರೆ ಗೋಡೆಗೋ ಪಕ್ಕದ ಕವಾಟದ ತಂತುಗಳಿಗೋ ತಾಗುತ್ತದೆ; ಮೇಲೆ ಸರಿದರೆ ಪಂಪು ವ್ಯರ್ಥ.

ಅಳತೆ ತಪ್ಪಿದರೆ ಆಗುವ ಅನಾಹುತಕ್ಕೆ ಉದಾಹರಣೆಯೂ ಇದೆ. ಪಂಪು ಹೃತ್ಕುಕ್ಷಿಯ ಗೋಡೆಯನ್ನು ತೂತು ಮಾಡಬಹುದೆಂದು 2024ರ ಮಾರ್ಚ್‌ನಲ್ಲಿ ಎಫ್‌ಡಿಎ ಎಚ್ಚರಿಸಿತು. 129 ಗಂಭೀರ ಗಾಯಗಳು ಹಾಗೂ 49 ಸಾವುಗಳು ಆಗ ವರದಿಯಾಗಿದ್ದವು. ಬಳಕೆಯ ಸೂಚನೆಗಳನ್ನು ತಿದ್ದಲಾಯಿತು.

ಎತ್ತರಕ್ಕೆ ತಕ್ಕ ಬಲೂನು

ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚು ಪರಿಚಿತವಾದ ಸಾಧನ ಬಲೂನ್ ಪಂಪು. ಮಹಾಪಧಮನಿಯಲ್ಲಿ ಕೂರುವ ಈ ಉದ್ದನೆಯ ಬಲೂನು ಹೃದಯದ ಬಡಿತಕ್ಕೆ ತಕ್ಕಂತೆ ಉಬ್ಬಿ ಕುಗ್ಗುತ್ತದೆ. ಇದನ್ನು ರೋಗಿಯ ಎತ್ತರ ನೋಡಿ ಆರಿಸಬೇಕು. 5 ಅಡಿ 4 ಅಂಗುಲ ದಾಟಿದವರಿಗೆ ಸಾಮಾನ್ಯವಾಗಿ 40 ಮಿ.ಲೀ. ಬಲೂನು, ಅದಕ್ಕಿಂತ ಕುಳ್ಳಗಿರುವವರಿಗೆ ಚಿಕ್ಕದು. ಅಳತೆ ದೊಡ್ಡದಾದರೆ ಮೂತ್ರಪಿಂಡದ ನಾಳಗಳ ಬಾಯಿಯೇ ಮುಚ್ಚಬಹುದು. ಅಗ್ಗವಾದರೂ ಇದು ಹೃದಯಾಘಾತದ ಶಾಕ್‌ನಲ್ಲಿ ಸಾವನ್ನು ತಗ್ಗಿಸಲಿಲ್ಲವೆಂದು 2012ರ ಜರ್ಮನ್ ಅಧ್ಯಯನ ತಿಳಿಸಿತು.

ಲಾಭವೆಷ್ಟು, ನಷ್ಟವೆಷ್ಟು?

2024ರಲ್ಲಿ ಪ್ರಕಟವಾದ 'ಡೇಂಜರ್ ಶಾಕ್' ಅಧ್ಯಯನದಲ್ಲಿ 355 ರೋಗಿಗಳಿದ್ದರು. ಆರು ತಿಂಗಳಲ್ಲಿ ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ 58.5 ಮಂದಿ ಮೃತಪಟ್ಟರೆ, ಇಂಪೆಲ್ಲಾ ಪಂಪು ಪಡೆದವರಲ್ಲಿ ಈ ಪ್ರಮಾಣ ಶೇ 45.8. ಆದರೆ ಕಾಲಿಗೆ ರಕ್ತ ಕಡಿಮೆಯಾಗುವ ತೊಂದರೆ ಶೇ 1.1ರಿಂದ ಶೇ 5.6ಕ್ಕೆ ಏರಿತು, ರಕ್ತಸ್ರಾವವೂ ಹೆಚ್ಚಿತು. ಪಂಪು ಜೀವ ಉಳಿಸುತ್ತದೆ ನಿಜ. ಆದರೆ ಅದು ಎಲ್ಲರ ದೇಹಕ್ಕೂ ಇನ್ನೂ ಒಗ್ಗಿಲ್ಲ ಎಂಬುದೇ ಇದರ ಅರ್ಥ. ಅಲ್ಲದೆ, ಒಂದು ಪಂಪಿನ ಬೆಲೆ ಲಕ್ಷಾಂತರ ರೂಪಾಯಿ.

ಆದ್ದರಿಂದ ಹಳ್ಳಿಯ ರೋಗಿಗೆ ಪಂಪು ಬೇಕಾಗುವ ಹಂತ ಬಾರದಂತೆ ತಡೆಯುವುದೇ ಜಾಣತನ. ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿದ್ದು ಈ ಭಾಗಕ್ಕೆ ದೊಡ್ಡ ಆಸರೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆ ಮಾಡಲಾಗಿದೆ. ಎದೆನೋವನ್ನು ಗ್ಯಾಸ್ ಎಂದು ಬಗೆದು ಬೆಳಗಿನವರೆಗೆ ಕಾಯುವ ಬದಲು ಕೂಡಲೇ ಇಸಿಜಿ ಮಾಡಿಸಿಕೊಂಡರೆ, ಯಾವ ಯಂತ್ರದ ಹಂಗೂ ಇಲ್ಲದೆ ಹೃದಯ ಉಳಿಯುವ ಸಾಧ್ಯತೆ ಹೆಚ್ಚು.